ಕುಳಗೇರಿ ಕ್ರಾಸಿನ ದಾರಿ, ತೋರಣಗಲ್ಲಿನ ಉಕ್ಕು

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸಾಗುವ ಹೆದ್ದಾರಿಯಲ್ಲಿ ಬಾದಾಮಿಯ ದಾರಿ ಕವಲೊಡೆಯುವ ಸ್ಥಳವೇ ಕುಳಗೇರಿ ಕ್ರಾಸ್. ಚಾಲುಕ್ಯರ ಕಲ್ಲನ್ನು ಕಾಣಹೊರಟ ಪ್ರವಾಸಿಗರು ತಮ್ಮನ್ನು ಹೊತ್ತ ಬಸ್ಸಿನ ಉಕ್ಕನ್ನು ನೆನೆಯುವುದಿಲ್ಲ. ಆದರೆ ತುಂಬಿದ ಬಸ್ಸು ತಿರುವಿನಲ್ಲಿ ವಾಲಿದಾಗ ಅಷ್ಟೂ ಜೀವಗಳ ಭಾರವನ್ನು ತಾಳುವುದು ಅದರ ಅಚ್ಚು, ಅದರ ಸ್ಪ್ರಿಂಗಿನ ಪಟ್ಟಿಗಳು.

ಅವುಗಳ ಬಾಳಿಕೆಯ ಬಹುಭಾಗ ಉಕ್ಕು ಇನ್ನೂ ದ್ರವವಾಗಿರುವಾಗಲೇ ನಿರ್ಧಾರವಾಗುತ್ತದೆ. ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನಂತಹ ಉಕ್ಕಿನ ಊರುಗಳಲ್ಲಿ ಕಬ್ಬಿಣದೊಳಗಿನ ಇಂಗಾಲವನ್ನು ಸುಡಲು ಆಮ್ಲಜನಕವನ್ನು ಊದುತ್ತಾರೆ. ಅದರ ಒಂದಂಶ ದ್ರವದಲ್ಲಿಯೇ ಕರಗಿ ಉಳಿಯುತ್ತದೆ. ಅದನ್ನು ಹಿಡಿಯಲು ಅಲ್ಯೂಮಿನಿಯಂ ಹಾಕಬೇಕು. ಸಾಲದಾದರೆ ಉಕ್ಕು ಹೆಪ್ಪುಗಟ್ಟುವಾಗ ಅನಿಲದ ಗುಳ್ಳೆಗಳು ಏಳುತ್ತವೆ. ಹಿಡಿದದ್ದು ಮೇಲಕ್ಕೆ ತೇಲಿಬಾರದಿದ್ದರೆ ಅದರ ಗಡಸು ಕಣಗಳು ಒಳಗುಳಿದು ಮುಂದೆ ಬಿರುಕಿಗೆ ಬೀಜವಾಗುತ್ತವೆ.

ಹಾಕಬೇಕಾದ ಪ್ರಮಾಣವನ್ನು ತಿಳಿಸುವುದು ಒಂದು ಕಡ್ಡಿ. ಕಾಗದದ ಕೊಳವೆಯ ತುದಿಯಲ್ಲಿ ಜಿರ್ಕೋನಿಯದ ಪುಟ್ಟ ನಳಿಗೆ. ಅದರೊಳಗೆ ಕ್ರೋಮಿಯಂ ಮತ್ತು ಅದರ ಆಕ್ಸೈಡಿನ ಪುಡಿ. ಸುಮಾರು 1600 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಜಿರ್ಕೋನಿಯವು ಆಮ್ಲಜನಕದ ಅಯಾನುಗಳಿಗೆ ದಾರಿಬಿಡುತ್ತದೆ. ಒಳಗಿನ ಪುಡಿಗೂ ಹೊರಗಿನ ಉಕ್ಕಿಗೂ ಇರುವ ಆಮ್ಲಜನಕದ ಅಂತರವು ಮಿಲಿವೋಲ್ಟುಗಳಾಗಿ ತೋರುತ್ತದೆ. ಕಾವನ್ನೂ ಅಳೆದು ಲೆಕ್ಕ ಹಾಕಿದರೆ, ಹತ್ತು ಲಕ್ಷ ಪಾಲು ಉಕ್ಕಿನಲ್ಲಿ ಕರಗಿದ ಆಮ್ಲಜನಕ ಎಷ್ಟು ಪಾಲೆಂಬುದು ಕೆಲವೇ ಸೆಕೆಂಡುಗಳಲ್ಲಿ ತಿಳಿಯುತ್ತದೆ. ಇಂತಹ ಘನ ಕೋಶಗಳ ಬಗೆಗೆ 1957ರಲ್ಲಿ ಕಿಯುಕ್ಕೊಲ ಮತ್ತು ವಾಗ್ನರ್ ಪ್ರಕಟಿಸಿದ ಸಂಶೋಧನೆ ಈ ವಿದ್ಯೆಗೆ ತಳಹದಿಯಾಯಿತು.

ಒಮ್ಮೆ ಮುಳುಗಿದ ಕಡ್ಡಿ ಮತ್ತೆ ಕೆಲಸಕ್ಕೆ ಬಾರದು. ಅದರ ಮಾತನ್ನು ನಂಬಿ ಎರಕಗೊಂಡ ಉಕ್ಕು ಮಾತ್ರ ವರ್ಷಗಟ್ಟಲೆ ಜನರನ್ನು ಹೊರುತ್ತದೆ.