ಅವರ ಹೆಸರಿನಲ್ಲೇ ಕಡಿತ

ಜುಲೈ 22, 2024, ಸೋಮವಾರ

ರಿಟರ್ನ್ ಹಾಕಿ ಬಂದೆ. 31ಕ್ಕೆ ಕೊನೆ. ಇಷ್ಟು ವರ್ಷ ಮನೆಯವರೇ ನೋಡಿಕೊಂಡ ಕೆಲಸ; ನಾನು ಸಹಿ ಹಾಕಬೇಕಾದ ಕಡೆ ಪೆನ್ಸಿಲ್‌ನಲ್ಲಿ ಗುರುತು ಮಾಡಿ ಕೊಡುತ್ತಿದ್ದರು. ಈ ಸಲ ಆಡಿಟರ್ ಆಫೀಸಿನ ಹುಡುಗ ಟೈಪ್ ಮಾಡಿದ. ಪೆನ್ಷನ್, ಎಫ್‌ಡಿ ಬಡ್ಡಿ, ಪಾಸ್‌ಬುಕ್ಕಿನಲ್ಲಿದ್ದ ಟಿಡಿಎಸ್ ₹6,840. ಕಟ್ಟುವುದೂ ಇಲ್ಲ, ಬರುವುದೂ ಇಲ್ಲ ಅಂದ. ಆ ₹6,840 ಮಾತ್ರ ತೆರಿಗೆ ಇಲಾಖೆಯ 26ಎಎಸ್‌ನಲ್ಲಿ ಕಾಣುತ್ತಿಲ್ಲವಂತೆ. ಮುಂದೆ ಬರಬಹುದು ಅಂತಲೂ ಅವನೇ ಅಂದ. ಹೂಂ ಅಂದೆ.

ಜುಲೈ 26, ಶುಕ್ರವಾರ, ಮಧ್ಯಾಹ್ನ

ಮೊಬೈಲಿಗೆ ಮೆಸೇಜ್. ₹15,490 ರೀಫಂಡ್ ಮಂಜೂರಾಗಿದೆ, ಖಾತೆ ಸಂಖ್ಯೆ ತಪ್ಪಿದೆ, ಸರಿಪಡಿಸಿ. ಕೆಳಗೆ ಲಿಂಕ್.

ಬರುವುದಿಲ್ಲ ಅಂತ ಹುಡುಗ ಹೇಳಿದ್ದು ನೆನಪಿತ್ತು. ಆದರೂ ಒತ್ತಿದೆ. ಖಾತೆ ನಂಬರ್, ಹುಟ್ಟಿದ ದಿನ, ಕಾರ್ಡಿನ ಹದಿನಾರು ಅಂಕಿ, ಹಿಂದಿನ ಮೂರು. ಎಲ್ಲಾ ಕೊಟ್ಟೆ. ಓಟಿಪಿ ಬಂತು. ಅದರಲ್ಲೇ ಬರೆದಿತ್ತು: ₹24,999 ಪಾವತಿಗೆ. ದುಡ್ಡು ನನಗೆ ಬರಬೇಕಲ್ಲ, ಪಾವತಿ ಯಾಕೆ?

ಕೈ ನಡುಗಿತು. ಫೋನ್ ಆಫ್ ಮಾಡಿಬಿಟ್ಟೆ. ಕಾರ್ಡ್ ನಿಲ್ಲಿಸಲಿಕ್ಕೂ ಅದೇ ಫೋನ್ ಬೇಕು ಅಂತ ಹೊಳೆಯಲಿಕ್ಕೆ ಹತ್ತು ನಿಮಿಷ ಬೇಕಾಯಿತು.

ರಾತ್ರಿ

ಕಾರ್ಡ್ ಬ್ಲಾಕ್ ಆಯಿತು. ಸೈಬರ್ ಸಹಾಯವಾಣಿ 1930ಕ್ಕೂ ಹೇಳಿದ್ದಾಯಿತು. ದುಡ್ಡು ಹೋಗಿಲ್ಲ. ಮಗನಿಗೆ ಹೇಳಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು.

ಜುಲೈ 28, ಭಾನುವಾರ

ವಾಕಿಂಗ್‌ನಲ್ಲಿ ಹಿಂದಿ ಟೀಚರ್ ಸಿಕ್ಕರು. ಅವರಿಗೂ ಮೆಸೇಜ್ ಬಂದಿತ್ತಂತೆ. ಅವರಿಗೂ ₹15,490! ಅಳಿಸಿಹಾಕಿದೆ ಅಂದರು. ನನಗೂ ಬಂದಿತ್ತು ಅಂದೆ. ಒತ್ತಿದ್ದು ಹೇಳಲಿಲ್ಲ.

ಆಗಸ್ಟ್ 19, ಸೋಮವಾರ

ತೆರಿಗೆ ಇಲಾಖೆಯ ಬೆಂಗಳೂರಿನ ಸಿಪಿಸಿಯಿಂದ ಅಂತ ಒಂದು ಮೇಲ್. 143(1) ನೋಟಿಸ್. ಜೊತೆಗೆ ಬೀಗ ಹಾಕಿದ ಪಿಡಿಎಫ್. ತೆಗೆಯಲಿಲ್ಲ. ಇನ್ನೊಂದು ಸಲ ಮೋಸಹೋಗುವುದಿಲ್ಲ.

ಆಗಸ್ಟ್ 31, ಶನಿವಾರ

ಮಗ ಫೋನಿನಲ್ಲಿ ತನಗೂ 143(1) ಬಂದಿದೆ ಅಂದಾಗ ಎದೆ ಧಸಕ್ಕೆಂದಿತು. ಎಲ್ಲಾ ಹೇಳಿಬಿಟ್ಟೆ, ಜುಲೈದೂ ಸೇರಿಸಿ. ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ಬೈದಿದ್ದರೇ ಚೆನ್ನಾಗಿತ್ತು.

ಮೇಲ್‌ನಲ್ಲಿದ್ದ ಯಾವುದನ್ನೂ ಮುಟ್ಟಬೇಡಮ್ಮಾ, ಇಲಾಖೆಯ ವಿಳಾಸ ನೀನೇ ಟೈಪ್ ಮಾಡು ಅಂದ. ಮೊದಲ ಪುಟದಲ್ಲೇ ನೋಟಿಸ್ ಅಸಲಿಯೋ ಅಲ್ಲವೋ ನೋಡುವ ಜಾಗವಿದೆ, ಲಾಗಿನ್ ಬೇಡ. ಪ್ಯಾನ್, ವರ್ಷ, ನೋಟಿಸಿನ ತಾರೀಖು, ಮೊಬೈಲ್ ನಂಬರ್ ಹಾಕಿದೆ. ಓಟಿಪಿ ಕೇಳಿತು. ಅಲ್ಲಿಗೆ ಕೈ ನಿಂತುಹೋಯಿತು. ಹಾಕಮ್ಮಾ, ಇದು ಸರ್ಕಾರದ್ದೇ ಅಂದ. ಮೆಸೇಜನ್ನು ಎರಡು ಸಲ ಓದಿ ಹಾಕಿದೆ.

ಅಸಲಿ.

ಪಿಡಿಎಫ್‌ನ ಬೀಗಕ್ಕೆ ಪ್ಯಾನ್ ಸಣ್ಣಕ್ಷರದಲ್ಲಿ, ಹಿಂದೆಯೇ ಹುಟ್ಟಿದ ದಿನ. ನಾನು ಹುಟ್ಟಿದ್ದು ನವರಾತ್ರಿಯಲ್ಲಿ. ಆ ತಾರೀಖಿಗೆ ತೆರೆಯಲಿಲ್ಲ. ಆಮೇಲೆ ನೆನಪಾಯಿತು, ಒಂದನೇ ಕ್ಲಾಸಿಗೆ ಸೇರಿಸುವಾಗ ಹೆಡ್ ಮೇಷ್ಟರು ಬರೆದುಕೊಂಡದ್ದು ಜೂನ್ ಒಂದು. 01061962. ತೆರೆಯಿತು.

ಕಟ್ಟಬೇಕಾದದ್ದು ₹6,840. ಮೂವತ್ತು ದಿನದೊಳಗೆ. ಅದರಲ್ಲಿ ಹನ್ನೆರಡು ದಿನ ನಾನೇ ಕಳೆದಿದ್ದೇನೆ.

ಸೆಪ್ಟೆಂಬರ್ 2, ಸೋಮವಾರ

ಬ್ಯಾಂಕ್. ಡೆಪಾಸಿಟ್ ಇಬ್ಬರ ಹೆಸರಿನಲ್ಲಿದೆ, ಅವರದು ಮೊದಲು. ಟಿಡಿಎಸ್ ಅವರ ಪ್ಯಾನ್‌ಗೇ ಹೋಗಿದೆ. ಹೋದ ವರ್ಷ ಮೇ ತಿಂಗಳಲ್ಲಿ ಹೋದವರ ಹೆಸರಿಗೆ ಮಾರ್ಚಿನವರೆಗೂ ಕಡಿತ. ಬ್ಯಾಂಕಿನವರು ತಮ್ಮ ಲೆಕ್ಕ ತಿದ್ದಿ ಕಳಿಸಿದರೆ ನನ್ನ 26ಎಎಸ್‌ಗೆ ಬರುತ್ತದಂತೆ. ಆಮೇಲೆ ನಾನು ತಿದ್ದುಪಡಿ ಕೇಳಬೇಕು.

"ಆಗಲೇ ಯಾಕೆ ತಿಳಿಸಲಿಲ್ಲ ಮೇಡಂ?"

ಪೆನ್ಷನ್ ಖಾತೆಗೆ ತಿಳಿಸಿದ್ದೆ. ಗ್ಯಾಸಿಗೆ, ಕರೆಂಟಿಗೆ ಎಲ್ಲಾ ಹೆಸರು ಬದಲಾಯಿಸಿದ್ದೆ. ಇದೊಂದನ್ನು ಮರೆತೆನೋ, ಬಿಟ್ಟೆನೋ. ಗೊತ್ತಿಲ್ಲ.

ಸೆಪ್ಟೆಂಬರ್ 5, ಗುರುವಾರ

ಪೋರ್ಟಲ್‌ನಲ್ಲಿ ಡಿಮ್ಯಾಂಡಿಗೆ ಒಪ್ಪಿಗೆ ಇಲ್ಲ ಅಂತ ಉತ್ತರ ಕೊಟ್ಟೆ, ಕಾರಣ ಬರೆದೆ. 18ರೊಳಗೆ ಬ್ಯಾಂಕಿನವರು ತಿದ್ದುತ್ತಾರಾ? ಇಲ್ಲದಿದ್ದರೆ ಕಟ್ಟಿಬಿಡಲೇ? ಮಗ ತಡಿ ಅನ್ನುತ್ತಾನೆ.

ಬೆಳಿಗ್ಗೆ ಹಳೇ ವಿದ್ಯಾರ್ಥಿಯೊಬ್ಬ ಟೀಚರ್ಸ್ ಡೇ ಶುಭಾಶಯ ಅಂತ ಮೆಸೇಜ್ ಕಳಿಸಿದ್ದ, ಜೊತೆಗೊಂದು ಲಿಂಕ್. ಒತ್ತಲಿಲ್ಲ. ಅವನಿಗೆ ಫೋನ್ ಮಾಡಿ ಕೇಳಿದೆ. ಶಾಲೆಯ ಫೋಟೊ ಅಂತೆ. ಪಾಪ, ಅವನಿಗೆ ಬೇಜಾರಾಯಿತೇನೋ.

ಡೆಪಾಸಿಟ್‌ನಿಂದ ಮೊದಲ ಹೆಸರು ತೆಗೆಯುವ ಫಾರಂ ಮನೆಗೆ ತಂದಿದ್ದೇನೆ. ಎರಡು ಕಡೆ ಸಹಿ ಬೇಕು. ಊಟದ ಮೇಜಿನ ಮೇಲೇ ಇದೆ.