ಅಪ್ಪನ ಎಂಜಿನ್ನು

ಒಬ್ಬ ಮನುಷ್ಯನ ವಿವೇಕ ಎಷ್ಟೆಂದು ತಿಳಿಯಬೇಕಾದರೆ ಅವನನ್ನು ಪ್ರಶ್ನೆ ಕೇಳಿ ಪೀಡಿಸಬೇಕಾಗಿಲ್ಲ. ಅವನ ಮನೆಯ ಹಳೆಯ ವಸ್ತುವೊಂದು ಕೆಟ್ಟಾಗ ಏನು ಮಾಡುತ್ತಾನೆಂದು ನೋಡಿದರೆ ಸಾಕು. ಕೊಡೆಗೆ ಹೊಸ ಕಡ್ಡಿ ಹಾಕಿಸುವುದೋ, ಹೊಸ ಕೊಡೆಯನ್ನೇ ಕೊಳ್ಳುವುದೋ? ಚಪ್ಪಲಿಗೆ ಅಟ್ಟೆ ಹೊಡೆಸುವುದೋ, ಅಂಗಡಿಗೆ ಹೋಗುವುದೋ? ಇಂಥ ಪ್ರಶ್ನೆಗಳ ಮುಂದೆ ನಾನು ಸೋತಿರುವುದೇ ಹೆಚ್ಚು. ಕೊಡೆಯ ಬೆಲೆಗಿಂತ ಹೆಚ್ಚು ಹಣವನ್ನು ಕೊಡೆಯ ಕಡ್ಡಿಗಳಿಗೆ ಸುರಿದ ಮಹಾನುಭಾವ ನಾನು. ಆದರೆ ಕೊಡೆಯಲ್ಲಿ ಸೋತರೆ ನೆನೆಯುವವನು ನಾನೊಬ್ಬನೇ. ೨೦೦೯ರಲ್ಲಿ ಇದೇ ಪ್ರಶ್ನೆ ಲಾರಿಯ ರೂಪದಲ್ಲಿ ಬಂದಾಗ ನೆನೆದವನು ನನ್ನ ತಮ್ಮ.

ಲಾರಿ ಟಾಟಾ ೧೨೧೦. ನಮ್ಮ ತಂದೆ ೧೯೮೧ರಲ್ಲಿ ಸಾಲಸೋಲ ಮಾಡಿ ಕೊಂಡದ್ದು. ಟಾಟಾದವರು ಜರ್ಮನಿಯ ಡೈಮ್ಲರ್-ಬೆಂಜ್ ಕಂಪನಿಯೊಡನೆ ಸೇರಿ ೧೯೫೪ರಿಂದ ಹದಿನೈದು ವರ್ಷ ಲಾರಿಗಳನ್ನು ಕಟ್ಟಿದರು; ಆಮೇಲೆ ಸ್ವಂತ ಹೆಸರಿನಲ್ಲಿ ಮುಂದುವರಿದರು. ನಮ್ಮ ಲಾರಿಯ ೬೯೨ ಎಂಜಿನ್ನಿನಲ್ಲಿ ಆ ಜರ್ಮನ್ ವಂಶದ ರಕ್ತ ಹರಿಯುತ್ತಿತ್ತು: ಆರು ಸಿಲಿಂಡರು, ಒಂದೊಂದರ ಬಾಯಿ ೯೨ ಮಿಲಿಮೀಟರು, ಪಿಸ್ಟನ್ನಿನ ಓಡಾಟ ೧೨೦ ಮಿಲಿಮೀಟರು. ತಿಪಟೂರಿನ ಸುತ್ತಿನ ತೋಟಗಳಿಂದ ಕಾಯಿ, ಮಂಡಿಗೆ ಕೊಬ್ಬರಿ, ನಾರಿನ ಕಾರ್ಖಾನೆಗೆ ಸಿಪ್ಪೆ, ಇವೆಲ್ಲ ಅದರ ಬೆನ್ನ ಮೇಲೆ ಹೋದವು. ನನ್ನ ಓದು, ತಂಗಿಯ ಮದುವೆ, ಮನೆಯ ಹೆಂಚು, ಅವೂ ಅದರ ಬೆನ್ನ ಮೇಲೆಯೇ ಬಂದವು.

ತಂದೆ ಹೆಚ್ಚು ಓದಿದವರಲ್ಲ. ಆದರೆ ನಮಗೆ ಮಗ್ಗಿಯ ಜೊತೆಗೆ ಇನ್ನೊಂದು ಪಾಠವನ್ನು ಬಾಯಿಪಾಠ ಮಾಡಿಸಿದ್ದರು: "ಒಂದು, ಐದು, ಮೂರು, ಆರು, ಎರಡು, ನಾಲ್ಕು." ಆರು ಸಿಲಿಂಡರುಗಳಲ್ಲಿ ಬೆಂಕಿ ಹತ್ತುವ ಸರದಿ ಅದು. ಒಂದನೆಯದರ ಜೊತೆಗೆ ಆರನೆಯದು ಏಳುತ್ತದೆ, ಐದರ ಜೊತೆಗೆ ಎರಡು, ಮೂರರ ಜೊತೆಗೆ ನಾಲ್ಕು. ಯಾವ ಜೋಡಿಯನ್ನು ಕೂಡಿದರೂ ಏಳೇ. ಇದನ್ನು ಕಂಡುಹಿಡಿದ ದಿನ ನಾನು ದೊಡ್ಡ ಗಣಿತಜ್ಞನಾದೆನೆಂದು ಬೀಗಿದೆ. ತಮ್ಮ ಬೀಗಲಿಲ್ಲ, ಬಾನೆಟ್ಟಿನ ಮೇಲೆ ಕೈಯಿಟ್ಟು ಆ ಸರದಿ ಕೈಗೆ ತಿಳಿಯುವುದೇ ಎಂದು ನೋಡುತ್ತಿದ್ದ. ಮುಂದೆ ನಾನು ಮೇಷ್ಟರಾಗಿ ತುಮಕೂರು ಸೇರಿದೆ. ತಂದೆ ೧೯೯೮ರಲ್ಲಿ ತೀರಿಕೊಂಡ ಮೇಲೆ ಅವನು ಸ್ಟಿಯರಿಂಗ್ ಹಿಡಿದ.

ಎಂಜಿನ್ನಿಗೆ ವಯಸ್ಸಾಗಿತ್ತು. ಮೊದಲು ಗುಕ್ಕು ಗುಕ್ಕಾಗಿ ನೀಲಿ ಹೊಗೆ ಬಂತು. ಕಪ್ಪು ಹೊಗೆ ಬಂದರೆ ಡೀಸೆಲ್ ಹೆಚ್ಚಾಗಿದೆ ಇಲ್ಲವೇ ಗಾಳಿ ಸಾಲದಾಗಿದೆ ಎಂದು ಅರ್ಥ. ನೀಲಿ ಹೊಗೆ ಬಂದರೆ ಎಂಜಿನ್ನು ತನ್ನ ಆಯಿಲನ್ನು ತಾನೇ ಸುಟ್ಟುಕೊಳ್ಳುತ್ತಿದೆ ಎಂದು. ಆಯಿಲ್ ತುಂಬುವ ಮುಚ್ಚಳವನ್ನು ತೆಗೆದರೆ ಅಲ್ಲಿಂದಲೂ ಹುಕ್ಕಾ ಸೇದಿದ ಹಾಗೆ ಹೊಗೆ. ತಿಪಟೂರಿನ ನಮ್ಮ ಮೇಸ್ತ್ರಿ, ತಂದೆಯ ಕಾಲದವರು, ಅದನ್ನು ನೋಡಿ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. ರೋಗಿಯ ಮುಂದೆ ವೈದ್ಯರು ಮಾತಾಡುವುದಿಲ್ಲವಲ್ಲ, ಹಾಗೆ ಎರಡು ಹೆಜ್ಜೆ ಆಚೆ ಬಂದು, "ಪೂರ್ತಿ ಇಳಿಸಬೇಕು" ಎಂದರು.

ತಮ್ಮನ ಲೆಕ್ಕ ಸಿದ್ಧವಾಗಿತ್ತು. ಬೆಂಗಳೂರಿನಲ್ಲಿ ಒಬ್ಬ ವ್ಯಾಪಾರಿಯ ಬಳಿ ಇದೇ ೬೯೨ ಎಂಜಿನ್ನು, ಪೂರ್ತಿ ಹೊಸದಾಗಿ ಕಟ್ಟಿ ಮರದ ಪೆಟ್ಟಿಗೆಯಲ್ಲಿಟ್ಟದ್ದು, ಸಿಕ್ಕುತ್ತಿತ್ತು. ಅಮೆರಿಕದಲ್ಲಿ ಹೀಗೆ ಪೆಟ್ಟಿಗೆಯಲ್ಲಿ ಬರುವ ಎಂಜಿನ್ನಿಗೆ ಕ್ರೇಟ್ ಎಂಜಿನ್ ಎಂದೇ ಹೆಸರು. ಹಳೆಯದನ್ನು ಕೊಟ್ಟು ಮೇಲೆ ೧,೩೫,೦೦೦ ರೂಪಾಯಿ ಕೊಟ್ಟರೆ ಐದು ದಿನದಲ್ಲಿ ಲಾರಿ ರಸ್ತೆಗೆ. ಮೇಸ್ತ್ರಿ ಇದ್ದುದನ್ನೇ ಕಟ್ಟಿದರೆ ೬೫,೦೦೦ ರೂಪಾಯಿ, ಮೂರು ವಾರ. "ದುಡ್ಡು ಜಾಸ್ತಿ, ನಿಜ ಅಣ್ಣಯ್ಯ. ಆದರೆ ಅದು ಒಂದೇ ಬೆಲೆ. ಇದನ್ನ ಬಿಚ್ಚಿದ ಮೇಲೆ ಏನು ಅಂತ ಯಾರಿಗೆ ಗೊತ್ತು?" ಎಂದ.

ಓದುಗರೇ, ಇದಕ್ಕಿಂತ ವಿವೇಕದ ಮಾತನ್ನು ಈ ವಿಷಯದಲ್ಲಿ ಯಾರೂ ಆಡಲಾರರು. ಸಿದ್ಧ ಎಂಜಿನ್ನಿನ ಬೆಲೆ ಪೆಟ್ಟಿಗೆಯ ಮೇಲೆಯೇ ಬರೆದಿರುತ್ತದೆ. ಹಳೆಯ ಎಂಜಿನ್ನಿನ ಬೆಲೆ ಅದರ ಹೊಟ್ಟೆಯೊಳಗೆ ಬರೆದಿರುತ್ತದೆ, ಕೊಯ್ದ ಮೇಲೆಯೇ ಓದಬೇಕು.

ಆದರೆ ಹಣ ಕೊಡಬೇಕಾದವನು ನಾನು, ಹಿರಿಯವನೂ ನಾನು. ನನಗೆ ನೆನಪಾದದ್ದೇ ಬೇರೆ. ಲಾರಿ ಕೊಂಡ ವರ್ಷದ ಪಂಚಾಂಗದ ಮೊದಲ ಹಾಳೆಯಲ್ಲಿ ತಂದೆ ಅರಿಶಿನ ಹಚ್ಚಿ ಎಂಜಿನ್ನಿನ ನಂಬರನ್ನು ಬರೆದಿಟ್ಟಿದ್ದರು. ಅದರ ಕೆಳಗೇ ನಮ್ಮಿಬ್ಬರ ಜನ್ಮನಕ್ಷತ್ರ. ಆ ನಂಬರಿನ ಬ್ಲಾಕನ್ನು ಯಾರೋ ಕಾಣದ ವ್ಯಾಪಾರಿಯ ಗುಜರಿಗೆ ಹಾಕುವುದೆಂದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಸಂಕಟವನ್ನು ಸಂಕಟವೆಂದು ಹೇಳಲು ಮೇಷ್ಟರಿಗೆ ನಾಚಿಕೆ. ಆದ್ದರಿಂದ ಕಾನೂನನ್ನು ಹಿಡಿದೆ. ಎಂಜಿನ್ನು ಬದಲಾದರೆ ಆರ್.ಸಿ. ಪುಸ್ತಕದಲ್ಲಿ ನಂಬರು ಬದಲಾಗಬೇಕು, ಆರ್.ಟಿ.ಓ. ಕಚೇರಿಗೆ ಅಲೆಯಬೇಕು, ಅದೂ ಅಲ್ಲದೆ ಅರ್ಧ ಬೆಲೆಯಲ್ಲಿ ಆಗುವುದಕ್ಕೆ ಪೂರ್ತಿ ಬೆಲೆ ಯಾಕೆ, ಎಂದು ವಾದಿಸಿದೆ. ತಮ್ಮ ಮೇಸ್ತ್ರಿಯ ಮುಖ ನೋಡಿದ. ಮೇಸ್ತ್ರಿ, "ಕಟ್ಟೋದು ನನ್ನ ಕೆಲಸ, ಕಟ್ಟಿಕೊಡ್ತೀನಿ. ಬೇಕೋ ಬೇಡವೋ ಅನ್ನೋದು ನಿಮ್ಮ ಕೆಲಸ" ಎಂದು ಬೀಡಿ ಹಚ್ಚಿದರು. ತಮ್ಮ, "ಆಗಲಿ ಅಣ್ಣಯ್ಯ" ಎಂದ. ನಮ್ಮ ಮನೆಯಲ್ಲಿ "ಆಗಲಿ ಅಣ್ಣಯ್ಯ" ಎಂಬ ಮಾತಿಗೆ ಎಷ್ಟು ಅರ್ಥಗಳಿವೆಯೆಂಬುದು ನನಗೆ ಆಗ ತಿಳಿದಿರಲಿಲ್ಲ.

ಎಂಜಿನ್ನು ಇಳಿಯಿತು. ನಾನು ರಜೆ ಹಾಕಿ ಹೋಗಿ ಸ್ಟೂಲಿನ ಮೇಲೆ ಕುಳಿತೆ. ಹೆಡ್ಡು ತೆಗೆದರು, ಪಿಸ್ಟನ್ನುಗಳನ್ನು ಹೊರಗೆಳೆದರು. ಮೇಸ್ತ್ರಿ ಬೋರ್ ಗೇಜನ್ನು ಸಿಲಿಂಡರಿನೊಳಗೆ ಇಳಿಬಿಟ್ಟು ತೋರಿಸಿದರು: ಕೆಳಗೆ ನಿಂತ ಮುಳ್ಳು ಮೇಲೆ ಬಂದಂತೆ ತಿರುಗಿತು. ಮೊದಲ ರಿಂಗು ಬಂದು ಮರಳುವ ಜಾಗದಲ್ಲಿಯೇ ಸವೆತ ಹೆಚ್ಚು. ಅಲ್ಲಿ ಬೆಂಕಿ ಹೆಚ್ಚು, ಆಯಿಲು ಕಡಿಮೆ. ಮೇಲೆ ಅಗಲ, ಕೆಳಗೆ ಕಿರಿದು, ದುಂಡಗಿರಬೇಕಾದದ್ದು ಮೊಟ್ಟೆಯಾಕಾರ. ಇದಕ್ಕೆಲ್ಲ ಔಷಧವಿದೆ, ಸ್ಲೀವು ಹಾಕಿಸಿ ಬೋರು ಮಾಡಿಸಿದರಾಯಿತು, ಎಂದರು. ನಾನು ತಮ್ಮನ ಕಡೆ ನೋಡಿ, ನೋಡಿದೆಯಾ ಎಂಬಂತೆ ನಕ್ಕೆ.

ಮರುದಿನ ಕ್ರ್ಯಾಂಕ್ ಶಾಫ್ಟನ್ನು ಸರಪಳಿಗೆ ತೂಗುಹಾಕಿ, ಸಂತೆಯಲ್ಲಿ ಮಡಕೆ ಬಡಿದು ನೋಡುವಂತೆ, ಸುತ್ತಿಗೆಯಿಂದ ಮೆಲ್ಲಗೆ ಬಡಿದರು. ಸರಿಯಿದ್ದರೆ ಅದು ದೇವಸ್ಥಾನದ ಗಂಟೆಯಂತೆ ನುಡಿಯಬೇಕು. 'ಟಪ್' ಎಂದಿತು. ಮೇಸ್ತ್ರಿ ಮಾತಾಡದೆ ಸೀಮೆಎಣ್ಣೆ ಸವರಿ, ಒರೆಸಿ, ಸೀಮೆಸುಣ್ಣದ ಪುಡಿ ಉದುರಿಸಿ ಮತ್ತೆ ಬಡಿದರು. ಮೂರನೆಯ ಜರ್ನಲ್ಲಿನ ಮೂಲೆಯಲ್ಲಿ, ಬಿಳಿಯ ಪುಡಿಯ ನಡುವೆ, ಕೂದಲಿನಷ್ಟು ತೆಳುವಾದ ಒದ್ದೆ ಗೆರೆಯೊಂದು ಮೂಡಿತು. ಸುಣ್ಣದ ಕಡ್ಡಿಯನ್ನು ವರ್ಷಗಟ್ಟಲೆ ಹಿಡಿದ ನಾನು ಅದರಿಂದ ಇಷ್ಟು ಕೆಟ್ಟ ಸುದ್ದಿಯನ್ನು ಯಾರೂ ಬರೆದದ್ದನ್ನು ಕಂಡಿರಲಿಲ್ಲ.

ಬೇರೆ ಕ್ರ್ಯಾಂಕ್ ಹುಡುಕಬೇಕಾಯಿತು. ಸಿಕ್ಕಿತು, ಆದರೆ ಗ್ರೈಂಡಿಂಗಿಗೆ ಸರದಿ. ಅಳತೆಗೆ ತಕ್ಕ ಬೇರಿಂಗು ಬರಲು ಒಂದು ವಾರ. ಡೀಸೆಲ್ ಪಂಪನ್ನು ಬೆಂಗಳೂರಿಗೆ ಕಳುಹಿಸಿ ಸರಿಮಾಡಿಸಿದ್ದಾಯಿತು. ಮೂರು ವಾರ ಎಂದದ್ದು ನಲವತ್ತೊಂದು ದಿನವಾಯಿತು. ಅರವತ್ತೈದು ಸಾವಿರ ಒಂದು ಲಕ್ಷದ ಮೇಲೆ ಎರಡು ಸಾವಿರವಾಯಿತು. ಇದರ ನಡುವೆ ನಾರಿನ ಕಾರ್ಖಾನೆಯವರು ಎಷ್ಟು ದಿನ ಕಾದಾರು? ಸಿಪ್ಪೆ ಸಾಗಿಸುವ ಬಾಡಿಗೆಯನ್ನು ಬೇರೊಬ್ಬರಿಗೆ ಕೊಟ್ಟರು. ವರ್ಷವಿಡೀ ನಿಂತಿದ್ದ ಕೆಲಸ ಅದು. ಈ ಸುದ್ದಿಯನ್ನು ನನಗೆ ಹೇಳಿದವಳು ನಾದಿನಿ, ತಮ್ಮ ಹೇಳಲಿಲ್ಲ. ಆ ವರ್ಷ ಮಗಳನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸುವ ಯೋಚನೆಯಲ್ಲಿದ್ದವನು ತಿಪಟೂರಿನ ಕಾಲೇಜಿಗೇ ಸೇರಿಸಿದ. ನಾನು ಹಣ ಕೊಡುತ್ತೇನೆಂದರೆ, "ಎಂಜಿನ್ನಿಗೆ ಕೊಟ್ಟಿದ್ದೀರಲ್ಲ" ಎಂದ. ಕೋಪವಿಲ್ಲದೆ ಹೇಳಿದ, ಅದೇ ಕಷ್ಟ.

ಎಂಜಿನ್ನನ್ನು ಕೂಡಿಸುವ ದಿನ ಹೊಸ ಪಿಸ್ಟನ್ನು, ಹೊಸ ಸ್ಲೀವು, ಹೊಸ ವಾಲ್ವು, ಬೇರೆ ಕ್ರ್ಯಾಂಕು ಎಲ್ಲವನ್ನೂ ಹಾಸಿದ ಗೋಣಿಯ ಮೇಲೆ ಸಾಲಾಗಿ ಜೋಡಿಸಿದ್ದರು. ತಮ್ಮ ಅವನ್ನು ಈ ತುದಿಯಿಂದ ಆ ತುದಿಗೆ ನೋಡಿ, "ಅಣ್ಣಯ್ಯ, ಅಪ್ಪ ಓಡಿಸಿದ್ದು ಇದರಲ್ಲಿ ಏನು ಉಳೀತು?" ಎಂದು ಕೇಳಿದ. ನಾನು ಬ್ಲಾಕಿನ ಪಕ್ಕವನ್ನು ಚಿಂದಿಯಿಂದ ಒರೆಸಿ ನಂಬರನ್ನು ತೋರಿಸಿದೆ. ಅವನು ತಲೆಯಾಡಿಸಿದ. ಒಂದು ಲಕ್ಷದ ಎರಡು ಸಾವಿರಕ್ಕೆ ನಾನು ಉಳಿಸಿಕೊಂಡದ್ದು ಒಂದು ನಂಬರು.

ಆದರೂ ಪೂರ್ತಿ ನಷ್ಟವೆಂದು ಬರೆದರೆ ಸುಳ್ಳಾದೀತು. ಆ ನಲವತ್ತೊಂದು ದಿನವೂ ತಮ್ಮ ಬೇರೆ ಕೆಲಸವಿಲ್ಲದೆ ಮೇಸ್ತ್ರಿಯ ಜೊತೆಗೇ ಕುಳಿತಿದ್ದ. ವಾಲ್ವಿಗೆ ಪೇಸ್ಟು ಹಚ್ಚಿ ಉಜ್ಜಿದ, ರಿಂಗು ಹಾಕಿದ, ಬೋಲ್ಟುಗಳನ್ನು ಸರದಿಯ ಪ್ರಕಾರ ಬಿಗಿದ. ಮೊದಲ ಸಲ ಎಂಜಿನ್ನು ಹತ್ತಿಕೊಂಡಾಗ, ಚಿಕ್ಕಂದಿನಲ್ಲಿ ಮಾಡುತ್ತಿದ್ದಂತೆ, ಅದರ ಮೇಲೆ ಕೈಯಿಟ್ಟು ನಿಂತ. ೨೦೧೨ರಲ್ಲಿ ಶಿರಾಡಿ ಘಾಟಿಯಲ್ಲಿ ಮಳೆಯ ರಾತ್ರಿ ಲಾರಿ ನಿಂತಾಗ, ಯಾರನ್ನೂ ಕರೆಯದೆ, ಟಾರ್ಚು ಹಿಡಿಯಲು ಕ್ಲೀನರ್ ಹುಡುಗನೊಬ್ಬನನ್ನು ಇಟ್ಟುಕೊಂಡು ಸರಿಮಾಡಿಕೊಂಡು ಬಂದ. "ಪೆಟ್ಟಿಗೆ ಎಂಜಿನ್ನಾಗಿದ್ದರೆ ಅಲ್ಲೇ ಕೂತಿರ್ತಿದ್ದೆ" ಎಂದು ಅವನೇ ಹೇಳಿದ. ಅದು ನನಗೆ ಕೊಟ್ಟ ಕ್ಷಮೆಯೋ, ನಡೆದದ್ದನ್ನು ನಡೆದಂತೆ ಹೇಳಿದ್ದೋ ನಾನು ಕೇಳಲಿಲ್ಲ. ಹೋದ ಬಾಡಿಗೆಯಂತೂ ಹಿಂದಿರುಗಲಿಲ್ಲ.

ಈಗ ಯಾರಾದರೂ ಬಂದು, ಹಳೆಯದನ್ನು ಕಟ್ಟಿಸಲೇ, ಸಿದ್ಧವಾದದ್ದನ್ನು ತರಲೇ ಎಂದು ಕೇಳಿದರೆ, ನಾನು ಸಿಲಿಂಡರಿನ ಮಾತನ್ನೂ ಕ್ರ್ಯಾಂಕಿನ ಮಾತನ್ನೂ ಆಡುವುದಿಲ್ಲ. ಅದನ್ನು ಓಡಿಸುವವರು ಯಾರು, ಅವರನ್ನು ಕೇಳಿ ಎಂದು ಹೇಳುತ್ತೇನೆ. ಓಡಿಸದವನಿಗೆ ನೆನಪು ಸುಲಭ. ದಿನದ ಬಾಡಿಗೆ ತಪ್ಪುವುದು ಅವನಿಗಲ್ಲ.

ಲಾರಿಯನ್ನು ೨೦೧೯ರಲ್ಲಿ ಮಾರಿದೆವು. ಎಂಜಿನ್ನು, ನಂಬರು, ಎಲ್ಲವೂ ಅದರೊಡನೆ ಹೋದವು. ನನ್ನ ಮೇಜಿನ ಮೇಲೆ ಅಂದು ತೆಗೆದುಹಾಕಿದ ಹಳೆಯ ಪಿಸ್ಟನ್ನೊಂದಿದೆ. ಬೋರಲು ನಿಲ್ಲಿಸಿ ಪೆನ್ನುಗಳನ್ನು ಇಟ್ಟಿದ್ದೇನೆ. ಹೋದ ಯುಗಾದಿಗೆ ಬಂದಿದ್ದ ತಮ್ಮ ಅದನ್ನು ಎತ್ತಿ, ಮಸಿ ಹಿಡಿದ ತಲೆಯನ್ನು ಹೆಬ್ಬೆರಳಿನಿಂದ ಸವರಿ, "ಅಪ್ಪ ಓಡಿಸಿದ್ದು ಇದು ಕಣಣ್ಣಯ್ಯ. ನಾವು ತೆಗೆದುಹಾಕಿದ್ದು" ಎಂದ. ಆಮೇಲೆ ಪೆನ್ನುಗಳನ್ನು ಒಂದೊಂದಾಗಿ ಅದರೊಳಗೆ ಇಟ್ಟು, ಊಟಕ್ಕೆ ಎದ್ದ.