ಹದಿನಾರು ಟೀಮಿನ ಲೆಕ್ಕ

ನಮ್ಮೂರ ಹೆಸರು ಹದಿನಾರು. ನಂಜನಗೂಡು ತಾಲ್ಲೂಕು. ಬೆಂಗಳೂರಲ್ಲಿ ಯಾರಿಗಾದ್ರೂ ಹೇಳಿದ್ರೆ ‘ಅದು ನಂಬರ್ ಅಲ್ವಾ, ಊರ ಹೆಸರು ಹೇಳಿ’ ಅಂತಾರೆ. ಹೌದು, ನಂಬರ್ರೇ. ನಾಕೌಟ್ ಟೂರ್ನಮೆಂಟಿಗೆ ಇದಕ್ಕಿಂತ ಒಳ್ಳೆ ನಂಬರ್ ಸಿಗಲ್ಲ. ಹದಿನಾರು ಟೀಮು, ಆಮೇಲೆ ಎಂಟು, ನಾಲ್ಕು, ಎರಡು. ಯಾರಿಗೂ ಬೈ ಕೊಡೋ ತಲೆನೋವಿಲ್ಲ. ಹದಿನೈದು ಮ್ಯಾಚಿಗೆ ಕಪ್ಪು ಯಾರದು ಅಂತ ತೀರ್ಮಾನ.

ಸಂಕ್ರಾಂತಿ ಕಳೆದ ಮೇಲೆ ಕೊಯ್ಲಾದ ಗದ್ದೆ ಬಯಲಲ್ಲಿ ನಡೆಯೋ ಟೆನಿಸ್ ಬಾಲ್ ಟೂರ್ನಮೆಂಟಿನ ವಿಷಯ ಹೇಳ್ತಿದೀನಿ. ಆರು ಓವರಿನ ಆಟ, ಎಂಟ್ರಿ ಫೀ 1,500 ರೂಪಾಯಿ. ಯಾರ ಮೇಲೆ ಯಾರು ಅನ್ನೋದು ಚೀಟಿ ಎತ್ತಿ ನಿರ್ಧಾರ. ಎರಡು ವರ್ಷದ ಹಿಂದೆ ನಮ್ಮ ಬೀದಿ ಹುಡುಗರಿಗೆ ಬಂದ ಚೀಟಿಯಲ್ಲಿ ಇದ್ದಿದ್ದು ಮೈಸೂರಿಂದ ದುಡ್ಡು ಕೊಟ್ಟು ಮೂವರನ್ನ ಕರೆಸಿದ್ದ ಟೀಮು. ಅವರು ಆರು ಓವರಿಗೆ 104 ಹೊಡೆದ್ರು. ನಮ್ಮೋರು 31ಕ್ಕೆ ಆಲೌಟ್. ಬೆಳಿಗ್ಗೆ ಒಂಬತ್ತೂಮುಕ್ಕಾಲಿಗೆಲ್ಲ ಪ್ಯಾಡು ಬಿಚ್ಚಿ ಮನೆಗೆ ಹೊರಟಾಗಿತ್ತು. ಅಂದ ಹಾಗೆ, ಹೊರಗಿಂದ ಬಂದೋರು ಗೆಲ್ಲಿಸಿಕೊಡೋದು ನಮ್ಮೂರಿಗೆ ಹೊಸದೇನಲ್ಲ. 1399ರ ಯದುರಾಯ, ಕೃಷ್ಣರಾಯರ ಕತೆ ಕೇಳಿಲ್ವಾ? ಎಲ್ಲಿಂದಲೋ ಬಂದ ಅಣ್ಣತಮ್ಮಂದಿರು ಮಾರನಾಯಕನನ್ನ ಹೊಡೆದು ನಮ್ಮೂರ ಮಾನ ಉಳಿಸಿದ್ರಂತೆ. ಅಲ್ಲಿಂದಲೇ ಮೈಸೂರು ಅರಸರ ವಂಶ ಶುರುವಾಗಿದ್ದು ಅಂತಾರೆ.

ನಮ್ಮ ಟೀಮಲ್ಲಿ ಕೊನೇ ನಂಬರಲ್ಲಿ ಆಡೋ ಒಬ್ಬ ಹುಡುಗ ಇದಾನೆ. ಗಾರೆ ಕೆಲಸಕ್ಕೆ ಹೋಗ್ತಾನೆ, ಆ ಶನಿವಾರ ಕೂಲಿ ಬಿಟ್ಟು ಬಂದಿದ್ದ. ಬೌಲಿಂಗ್ ಸಿಗಲಿಲ್ಲ. ಬ್ಯಾಟಿಂಗಿಗೆ ಹೋದಾಗ ಆ ಕಡೆ ಇದ್ದವನು ಮೊದಲನೇ ಬಾಲಿಗೇ ಔಟು. ಅವನು ಒಂದು ಬಾಲೂ ಎದುರಿಸದೆ ನಾಟೌಟ್. ‘ನನ್ನ ಪಾಲಿನ ನೂರೈವತ್ತಕ್ಕೆ ಏನ್ ಸಿಕ್ತಣ್ಣಾ?’ ಅಂದ. ನಗ್ತಾನೇ ಕೇಳಿದ. ಹದಿನಾರನೇ ವಯಸ್ಸಲ್ಲಿ ಅದೇ ಬಯಲಲ್ಲಿ ನಾನೂ ಹಾಗೇ ವಾಪಸ್ ಬಂದಿದ್ದೆ, ಹಾಗಾಗಿ ನನಗೆ ನಗು ಬರಲಿಲ್ಲ.

ಕಂಪ್ಯೂಟರ್ ಓದಿದೋನು ಅನ್ನೋ ಮರ್ಯಾದೆ ಊರಲ್ಲಿ ಇನ್ನೂ ಚೂರು ಉಳಿದಿದೆ. ಅದನ್ನ ಬಳಸಿಕೊಂಡು ಮುಂದಿನ ವರ್ಷಕ್ಕೆ ಲೀಗ್ ಮಾಡಿಸಿದೆ. ನಾಲ್ಕು ಟೀಮಿನ ನಾಲ್ಕು ಗುಂಪು, ಪ್ರತಿ ಟೀಮಿಗೂ ಮೂರು ಮ್ಯಾಚ್ ಗ್ಯಾರಂಟಿ, ಗುಂಪಿಗೆ ಮೊದಲು ಬಂದೋರು ಸೆಮಿಫೈನಲ್. ಒಟ್ಟು 27 ಮ್ಯಾಚ್. ಎರಡು ದಿನದ ಆಟ ಮೂರು ದಿನ ಆಯ್ತು, ಶಾಮಿಯಾನ ಬಾಡಿಗೆ ಜಾಸ್ತಿ ಆಯ್ತು ಅಂತ ಕಮಿಟಿಯವರು ಗೊಣಗಿದ್ರು. ನನಗೆ ಮಾತ್ರ ಭಾರೀ ಸಾಮಾಜಿಕ ನ್ಯಾಯ ಮಾಡಿದೆ ಅನ್ನೋ ಖುಷಿ.

ಆಗಿದ್ದೇನು? ನಮ್ಮೋರು ಮೊದಲ ದಿನ ಎರಡೂ ಮ್ಯಾಚ್ ಸೋತ್ರು. ಮೂರನೇದರಲ್ಲಿ ಗೆದ್ರೂ ಮುಂದಕ್ಕೆ ಹೋಗೋ ದಾರಿ ಇಲ್ಲ. ಗೆದ್ರೂ ಅಷ್ಟೇ ಸೋತ್ರೂ ಅಷ್ಟೇ ಅನ್ನೋ ಮ್ಯಾಚಿಗೆ ಕೂಲಿ ಬಿಟ್ಟು ಯಾರು ಬರ್ತಾರೆ? ಎಂಟೇ ಜನ ಬಂದ್ರು. ಎದುರಿನ ಟೀಮು ಅವರನ್ನ ಚಚ್ಚಿ ರನ್‌ರೇಟ್ ಏರಿಸಿಕೊಂಡು ಸೆಮಿಗೆ ಹೋಯ್ತು. ಅಷ್ಟೇ ಮ್ಯಾಚ್ ಗೆದ್ದಿದ್ದ ಇನ್ನೊಂದು ಬೀದಿಯವರು ‘ಬೇಕಂತಲೇ ಎಂಟು ಜನ ಆಡಿದ್ರಿ’ ಅಂತ ನಮ್ಮ ಹುಡುಗರ ಮೇಲೆ ಜಗಳಕ್ಕೆ ಬಂದ್ರು. ಒಂದು ಸಲ ಸೋತು ಮನೆಗೆ ಹೋಗ್ತಿದ್ದೋರನ್ನ ನಾನು ಮೂರು ಸಲ ಸೋಲಿಸಿ, ಮೇಲೆ ಬೈಗುಳನೂ ಕೊಡಿಸಿದ್ದೆ.

ಅವತ್ತು ರಾತ್ರಿ ಬೆಂಗಳೂರಿಗೆ ವಾಪಸ್ ಬರ್ತಾ ನನಗೆ ನೆನಪಾಗಿದ್ದು ನಾಗಾಲ್ಯಾಂಡ್. 2021–22ರ ರಣಜಿಯಲ್ಲಿ ಎಂಟು ಎಲೈಟ್ ಗುಂಪಿನ ಜೊತೆ ಹೊಸ ತಂಡಗಳಿಗೆ ಅಂತ ಒಂದು ಪ್ಲೇಟ್ ಗುಂಪು ಇತ್ತು. ಅದರಲ್ಲಿ ಗೆದ್ದೋರಿಗೂ ನಾಕೌಟಿಗೆ ಒಂದು ಬಾಗಿಲು. ನಾಗಾಲ್ಯಾಂಡ್ ಆ ಬಾಗಿಲಿಂದ ಒಳಗೆ ಬಂತು. ಎದುರಿಗೆ ಜಾರ್ಖಂಡ್, ಜಾಗ ಈಡನ್ ಗಾರ್ಡನ್ಸ್. ಜಾರ್ಖಂಡ್ 880 ಹೊಡೀತು, ನಾಗಾಲ್ಯಾಂಡ್ 289. ಡ್ರಾ ಆದ್ರೆ ಮೊದಲ ಇನ್ನಿಂಗ್ಸಲ್ಲಿ ಮುಂದಿದ್ದೋರು ಮುಂದಿನ ಸುತ್ತಿಗೆ ಅನ್ನೋದು ರಣಜಿ ನಿಯಮ. ಹಾಗಾಗಿ ಅಲ್ಲಿಗೇ ಕತೆ ಮುಗಿದಿತ್ತು. ಆದರೂ ಜಾರ್ಖಂಡ್ ಫಾಲೋಆನ್ ಕೊಡದೆ ಮತ್ತೆ ಬ್ಯಾಟ್ ಹಿಡೀತು. ಮುನ್ನಡೆ 1008 ಆಗೋವರೆಗೆ ಆಡ್ತು. ಆ ಹೊತ್ತಲ್ಲಿ ಫೀಲ್ಡಿಂಗ್ ಮಾಡ್ತಿದ್ದ ನಾಗಾಲ್ಯಾಂಡ್ ಹುಡುಗರಿಗೆ ‘ಅವಕಾಶ’ ಅನ್ನೋ ಪದ ಹೇಗೆ ಕೇಳಿಸಿರಬೇಡ!

ಹಾಗಂತ ಆ ಬಾಗಿಲೇ ತಪ್ಪಾ? 2010–11ರಲ್ಲಿ ರಾಜಸ್ಥಾನ ಬಂದಿದ್ದೂ ಪ್ಲೇಟ್ ಗುಂಪಿಂದಲೇ. ಎಂಟು ಸಲ ಫೈನಲ್ ಸೋತಿದ್ದ ತಂಡ ಅದು. ನಮ್ಮ ಕರ್ನಾಟಕ 1973–74ರಲ್ಲಿ ಮೊದಲ ರಣಜಿ ಗೆದ್ದಿದ್ದೂ ಅವರ ಮೇಲೇ. ಆ ವರ್ಷ ಚೊಚ್ಚಲ ಪಂದ್ಯ ಆಡಿದ ದೀಪಕ್ ಚಾಹರ್ 10 ರನ್ನಿಗೆ 8 ವಿಕೆಟ್ ಕಿತ್ತು ಹೈದರಾಬಾದನ್ನ 21ಕ್ಕೆ ಮುಗಿಸಿದ. ಆಮೇಲೆ ನಾಕೌಟಲ್ಲಿ ಮುಂಬೈ, ತಮಿಳುನಾಡು, ಬರೋಡಾ ಮೂವರನ್ನೂ ದಾಟಿ ರಾಜಸ್ಥಾನ ಕಪ್ ತಗೊಂಡು ಹೋಯ್ತು. ಮುಂದಿನ ವರ್ಷ ಮತ್ತೆ ಗೆದ್ದಿತು. ಆ ಬಾಗಿಲು ಇಲ್ದಿದ್ರೆ ಆ ವರ್ಷ ಅವರ ಹೆಸರನ್ನ ಯಾರೂ ಎತ್ತುತ್ತಲೇ ಇರಲಿಲ್ಲ.

ಆಫೀಸಲ್ಲಿ ಒಂದಿನ ಬಿಲ್ಡ್ ಓಡ್ತಿದ್ದಾಗ ಲೆಕ್ಕ ಹಾಕಿದೆ. ದುರ್ಬಲ ಟೀಮು ಪ್ರತಿ ಮ್ಯಾಚ್ ಗೆಲ್ಲೋ ಸಾಧ್ಯತೆ ನಾಲ್ಕರಲ್ಲಿ ಒಂದು ಅಂತ ಇಟ್ಕೊಳ್ಳಿ. ನಾಕೌಟಲ್ಲಿ ಮೊದಲ ಸುತ್ತು ದಾಟೋ ಸಾಧ್ಯತೆಯೂ ಅಷ್ಟೇ, ಶೇ. 25. ನಮ್ಮ ಲೀಗಲ್ಲಿ ಮುಂದಕ್ಕೆ ಹೋಗಬೇಕಂದ್ರೆ ಮೂರರಲ್ಲಿ ಎರಡಾದ್ರೂ ಗೆಲ್ಲಬೇಕು, ಅದು ಶೇ. 16ರ ಆಸುಪಾಸು. ಅಂದ್ರೆ ನಾನು ಅವರ ದಾರಿಯನ್ನ ಇನ್ನೂ ಕಿರಿದು ಮಾಡಿದ್ದೆ. ಆದ್ರೆ ಮೂರರಲ್ಲಿ ಒಂದಾದ್ರೂ ಗೆದ್ದು ಕೇಕೆ ಹಾಕೋ ಸಾಧ್ಯತೆ? ಸುಮಾರು ಶೇ. 58. ಮುಂದಕ್ಕೆ ಹೋಗೋದು ಬೇರೆ, ಗೆಲುವು ಅಂದ್ರೇನು ಅಂತ ನೋಡೋದು ಬೇರೆ. ಎರಡನ್ನೂ ನಾನು ‘ಚಾನ್ಸ್’ ಅನ್ನೋ ಒಂದೇ ಪದದಲ್ಲಿ ಕಲಸಿಬಿಟ್ಟಿದ್ದೆ.

ಇದನ್ನ ಕ್ಯಾಂಟೀನಲ್ಲಿ ಹೇಳಿದಾಗ ಕೊಡಗಿನ ಗೆಳೆಯನೊಬ್ಬ ನಕ್ಕ. ಅವರ ಕುಟುಂಬಗಳ ನಡುವಿನ ಹಾಕಿ ಹಬ್ಬ 1997ರಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾಗಿದ್ದು, 2024ರಲ್ಲಿ ನಾಪೋಕ್ಲುವಿಗೆ ಬರೋ ಹೊತ್ತಿಗೆ 360 ಕುಟುಂಬ. ಲೀಗ್ ಮಾಡಿದ್ರೆ 64,620 ಮ್ಯಾಚ್ ಆಗುತ್ತೆ, ನಾಕೌಟಲ್ಲಿ 359. ಹೆಚ್ಚುಕಮ್ಮಿ ಅರ್ಧ ಕುಟುಂಬಗಳು ಒಂದೇ ಮ್ಯಾಚ್ ಆಡಿ ವಾಪಸ್. ಆದ್ರೂ ಮುಂದಿನ ವರ್ಷ ಮತ್ತೆ ಬರ್ತಾರೆ. ಒಂದೇ ತಂಡದಲ್ಲಿ ಹೆಂಗಸರು ಗಂಡಸರು ಕೂಡಿ ಆಡಬಹುದು. ‘ನಮಗೆ ಸೋತ ಮೇಲೂ ಹಬ್ಬ ಇರುತ್ತೆ. ನಿಮ್ಮೂರಲ್ಲಿ ಸೋತ ಮೇಲೆ ಏನಿರುತ್ತೆ?’ ಅಂದ. ನಮ್ಮೂರಲ್ಲಿ ಸೋತ ಮೇಲೆ ಇರೋದು ಬಿಸಿಲು, ಮೈಕಿನ ಸದ್ದು. ಗೆದ್ದ ಬೀದಿಯವರ ಪಟಾಕಿ ಬೇರೆ.

ಈ ಸಲ ಊರಿಗೆ ಹೋದಾಗ ಹೊಸ ಪ್ಲಾನ್ ಇಟ್ಟೆ. ನಾಕೌಟೇ ಇರ್ಲಿ. ಮೊದಲ ಸುತ್ತಲ್ಲಿ ಸೋತ ಎಂಟು ಟೀಮಿಗೆ ಬೇರೆ ಒಂದು ಕಪ್, ಅದೂ ನಾಕೌಟ್. ಏಳು ಮ್ಯಾಚ್ ಜಾಸ್ತಿ, ಒಟ್ಟು 22. ಎಲ್ಲರಿಗೂ ಕನಿಷ್ಠ ಎರಡು ಆಟ, ಎರಡನೇದು ಹೆಚ್ಚುಕಮ್ಮಿ ತಮ್ಮಂಥೋರ ಮೇಲೆ. ಗೆದ್ರೂ ಸೋತ್ರೂ ಒಂದೇ ಅನ್ನೋ ಮ್ಯಾಚ್ ಒಂದೂ ಇಲ್ಲ. ಗಾರೆ ಕೆಲಸದ ಹುಡುಗ ಗಮನ ಇಟ್ಟು ಕೇಳಿಸಿಕೊಂಡ. ಲೀಗಿನ ಆ ಕೊನೇ ಮ್ಯಾಚಲ್ಲಿ ಎಂಟೇ ಜನ ಇದ್ದಿದ್ದಕ್ಕೆ ಅವನಿಗೆ ಬ್ಯಾಟಿಂಗ್ ಸಿಕ್ಕಿತ್ತು. ಹನ್ನೊಂದು ಬಾಲಿಗೆ ಹದಿನಾಲ್ಕು ಹೊಡೆದಿದ್ದ. ಅವತ್ತಿನ ಜಗಳದ ಮಧ್ಯೆ ನಾನು ಅದನ್ನ ನೋಡೇ ಇರಲಿಲ್ಲ, ಅವನೇ ಹೇಳಿದ್ದು.

‘ಚೆನ್ನಾಗೈತೆ ಕಣಣ್ಣ. ಆದ್ರೆ ಅದುಕ್ಕೆ ಸೋತೋರ ಕಪ್ಪು ಅಂತ ಹೆಸ್ರು ಇಟ್ಟೀಯ, ಯಾರೂ ಬರಕಿಲ್ಲ. ಇನ್ನೊಂದು, ಎರಡು ಮ್ಯಾಚು ಅಂತ ಕಮಿಟಿಯೋರಿಗೆ ಮೊದ್ಲೇ ಹೇಳ್ಬ್ಯಾಡ. ಎಂಟ್ರಿ ಫೀ ಮೂರು ಸಾವ್ರ ಮಾಡ್ಬುಡ್ತಾರೆ.’